ಬ್ಲೇಡು ಮುಟ್ಟಬೇಡಿ ಎಂದು ಬೈಯುವ ಕ್ಷೌರಿಕ

ಬೆಳಕು ಇನ್ನೂ ಕಿಟಕಿಯ ಸರಳುಗಳನ್ನು ದಾಟಿ ಒಳಗೆ ಬಂದಿಲ್ಲ. ಗಂಡಸರ ಆಪರೇಷನ್ ವಾರ್ಡಿನ ಮೂಲೆಯ ನಲ್ಲಿಯ ಕೆಳಗೆ ಒಬ್ಬರು ಮೊಣಕೈವರೆಗೆ ಸೋಪು ಹಚ್ಚಿಕೊಂಡು ಕೈ ತೊಳೆಯುತ್ತಿದ್ದಾರೆ. ತೊಳೆಯುತ್ತಲೇ ಗೊಣಗುತ್ತಿದ್ದಾರೆ. ನಲ್ಲಿಯ ತಿರುಪು ಸಡಿಲವಾಗಿದೆ ಎಂದು ಒಂದು ಗೊಣಗು. ಸೋಪಿನ ಬಿಲ್ಲೆಯನ್ನು ನೀರಿನಲ್ಲೇ ನೆನೆಯಲು ಬಿಟ್ಟು ಹೋದವರ ಮೇಲೆ ಇನ್ನೊಂದು. ಕೈ ಒರೆಸುವ ಬಟ್ಟೆಯನ್ನು ಹುಡುಕಿ, ಅದು ಯಾವನೋ ರೋಗಿಯ ಭಾವನ ಹೆಗಲ ಮೇಲೆ ಕಂಡಾಗ ಮಾತ್ರ ಗೊಣಗು ನಿಂತು ದನಿ ಏರುತ್ತದೆ.

"ಯಜಮಾನ್ರೇ, ಅದು ನಿಮ್ಮ ಮುಖ ಒರೆಸ್ಕೊಳ್ಳೋದಕ್ಕೆ ಇಟ್ಟಿದ್ದಲ್ಲ. ಕೊಡಿ ಈಕಡೆ. ಬೇಡ ಬಿಡಿ, ಈಗ ಕೊಟ್ಟು ಏನು ಪ್ರಯೋಜನ?"

ಕೈಯನ್ನು ಗಾಳಿಯಲ್ಲೇ ಒಣಗಿಸಿಕೊಂಡು, ಕೈಗವಸು ಹಾಕಿಕೊಂಡು, ಬಿಳಿ ತಟ್ಟೆಯಲ್ಲಿಟ್ಟ ಕೂದಲು ಕತ್ತರಿಸುವ ಸಣ್ಣ ಮಷಿನ್ ಎತ್ತಿಕೊಂಡು ಅವರು ಮೊದಲ ಮಂಚದ ಕಡೆಗೆ ನಡೆಯುತ್ತಾರೆ. ಇವರು ಆಸ್ಪತ್ರೆಯ ಕ್ಷೌರಿಕ. ಅಂದು ಆಪರೇಷನ್ ಇರುವ ಗಂಡಸರ ಮೈಯಲ್ಲಿ ಡಾಕ್ಟರು ಕತ್ತರಿಸಬೇಕಾದ ಜಾಗದ ಕೂದಲನ್ನು ಬೆಳಗ್ಗೆಯೇ ತೆಗೆದು ಸಿದ್ಧ ಮಾಡುವುದು ಇವರ ಕೆಲಸ. ತಲೆ, ಎದೆ, ಹೊಟ್ಟೆ, ಮೊಣಕಾಲು, ತೊಡೆಸಂದಿ, ಎಲ್ಲಿ ಬೇಕೋ ಅಲ್ಲಿ. ವಾರ್ಡಿನ ಸಿಸ್ಟರುಗಳು ಇವರಿಗೆ ಇಟ್ಟ ಹೆಸರು ಗೊಣಗಣ್ಣ. ಎದುರಿಗೆ ಅಣ್ಣ ಎನ್ನುತ್ತಾರೆ, ಬೆನ್ನು ತಿರುಗಿದರೆ ಗೊಣಗಣ್ಣ. ಅದು ಇವರಿಗೂ ಗೊತ್ತು. ಅದರ ಬಗ್ಗೆಯೂ ಗೊಣಗುತ್ತಾರೆ.

ಮೊದಲ ಮಂಚದಲ್ಲಿ ಒಬ್ಬ ಗಾರೆ ಕೆಲಸದ ಯುವಕ. ಹಿಂದೆ ಕಾಲು ಮುರಿದಾಗ ಹಾಕಿದ್ದ ಕಬ್ಬಿಣದ ಪಟ್ಟಿಯನ್ನು ಇಂದು ತೆಗೆಯಬೇಕು. ಯಾವ ಕಾಲು ಎಂಬುದು ಥಿಯೇಟರಿನಲ್ಲಿ ಯಾರಿಗೂ ತಪ್ಪಬಾರದೆಂದು ಡಾಕ್ಟರು ನಿನ್ನೆ ಸಂಜೆಯೇ ಶಾಯಿಯಲ್ಲಿ ಬಾಣದ ಗುರುತು ಹಾಕಿ ಹೋಗಿದ್ದರು. ಈಗ ಗುರುತಿಲ್ಲ. ಕಾಲು ಮಾತ್ರ ಥಳಥಳ ಹೊಳೆಯುತ್ತಿದೆ.

"ನಾನೇ ಕಣಪ್ಪ," ಪಕ್ಕದಲ್ಲಿ ಕೂತಿದ್ದ ತಾಯಿ ಸಂತೋಷದಿಂದ ಹೇಳುತ್ತಾಳೆ. "ಸ್ನಾನ ಮಾಡ್ಸುವಾಗ ನೋಡಿದೆ, ಏನೋ ಕರ್ರಗೆ ಅಂಟ್ಕೊಂಡಿತ್ತು. ಕಲ್ಲು ಹಾಕಿ ಉಜ್ಜಿ ಉಜ್ಜಿ ತೆಗೆದೆ."

ಗೊಣಗಣ್ಣ ಸ್ವಲ್ಪ ಹೊತ್ತು ಆ ಹೊಳೆಯುವ ಕಾಲನ್ನೇ ನೋಡುತ್ತಾರೆ.

"ಅಮ್ಮಾ, ಅದು ಕೊಳೆ ಅಲ್ಲ, ಗುರುತು. ಈಗ ಡಾಕ್ಟ್ರು ಬಂದು ಮತ್ತೆ ಹಾಕ್ಬೇಕು. ಬಂದು ಮೊದಲು ನನ್ನನ್ನೇ ಕೇಳ್ತಾರೆ, ಗುರುತು ಅಳಿಸಿದ್ದು ನೀವಾ ಅಂತ."

"ನಾನು ಅಂತ ಹೇಳು, ನನಗೇನು ಭಯ?"

"ಹೇಳ್ತೀನಿ. ನಂಬಬೇಕಲ್ಲ."

ಎರಡನೆಯ ಮಂಚದಲ್ಲಿ ಕಿರಾಣಿ ಅಂಗಡಿಯವರು. ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು ಎಂದು ಸಿಸ್ಟರ್ ರಾತ್ರಿಯೇ ಎರಡು ಸಲ ಹೇಳಿದ್ದಾರೆ. ಏನಾದರೂ ತಿಂದಿದ್ದೀರಾ ಎಂದು ಬೆಳಗ್ಗೆ ಕೇಳಿದಾಗ, ಇಲ್ಲ ಎಂದು ಇವರು ಸಿಸ್ಟರ್ ಮುಂದೆ ತಲೆ ಅಲ್ಲಾಡಿಸಿಯೂ ಆಗಿದೆ. ಗೊಣಗಣ್ಣನ ಮಷಿನ್ ಹೊಟ್ಟೆಯ ಮೇಲೆ ಗುಂಯ್ ಎನ್ನುತ್ತಾ ಓಡಾಡತೊಡಗಿದ ಮೇಲೆ ಅವರ ಮೈ ಸಡಿಲವಾಗುತ್ತದೆ, ಜೊತೆಗೆ ಬಾಯಿಯೂ.

"ಹಿತವಾಗಿದೆ ಕಣ್ರೀ ನಿಮ್ಮ ಕೈ. ಬೆಳಗ್ಗೆ ಆ ಚಹಾ ಕುಡಿದಾಗಿಂದ ಒಂಥರಾ ನಿದ್ದೆ ಎಳೀತಾ ಇದೆ."

ಮಷಿನ್ ನಿಲ್ಲುತ್ತದೆ. "ಯಾವ ಚಹಾ?"

"ಬರೀ ಚಹಾ. ಹಾಲು ಜಾಸ್ತಿ ಹಾಕಿಸಿ ಸ್ವಲ್ಪ. ಚಹಾ ಏನು ಊಟಾನಾ?"

"ಸಿಸ್ಟರೇ!" ಎಂದು ಗೊಣಗಣ್ಣ ಕೂಗುವ ಕೂಗಿಗೆ ವಾರ್ಡಿನ ಆ ತುದಿಯಲ್ಲಿ ಮಲಗಿದ್ದವರೂ ಎದ್ದು ಕೂರುತ್ತಾರೆ.

ಡಾಕ್ಟರಿಗೆ ಹೇಳದ್ದು, ಸಿಸ್ಟರಿಗೆ ಹೇಳದ್ದು, ಕಟ್ಟಿಕೊಂಡ ಹೆಂಡತಿಗೂ ಹೇಳದ್ದು ಇವರ ಮುಂದೆ ಹೊರಗೆ ಬರುತ್ತದೆ. ಇದರಲ್ಲಿ ಇವರ ಜಾಣತನವೇನೂ ಇಲ್ಲ. ಕ್ಷೌರಿಕನ ಕೈ ಮೈಮೇಲೆ ಬಿದ್ದ ಕೂಡಲೇ ಮಾತು ಶುರು ಮಾಡುವುದು ಗಂಡಸರ ಹಳೆಯ ಅಭ್ಯಾಸ. ಅಂಗಡಿಯ ಕುರ್ಚಿಯಲ್ಲಾದರೆ ಹವಾಮಾನ, ನೆಂಟರ ಜಗಳ, ದನದ ವ್ಯಾಪಾರ. ಇಲ್ಲಿ ಬೇರೆ ವಿಷಯ. ರಕ್ತ ತೆಳುವಾಗಲು ನುಂಗುವ ಮಾತ್ರೆ ಅಂಗಿಯ ಜೇಬಿನಲ್ಲೇ ಇದೆ, ಯಾರೂ ಕೇಳಲಿಲ್ಲ ಎಂದು ಹೇಳಿಲ್ಲ. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು, ಹಳೇ ಮಾತು ಎಂದು ಹೇಳಿಲ್ಲ. ಮುಂದಿನ ಹಲ್ಲು ಕಟ್ಟಿಸಿದ್ದು, ಸೊಸೆ ಎದುರಿಗಿದ್ದಾಳೆ ಎಂದು ಬಿಚ್ಚಿಟ್ಟಿಲ್ಲ.

"ನನಗ್ಯಾಕೆ ಹೇಳ್ತೀರಿ ಇದನ್ನೆಲ್ಲ?" ಎಂದು ಗೊಣಗಣ್ಣ ಸಿಡುಕುತ್ತಾರೆ. "ನಾನು ಕೂದಲು ತೆಗೆಯೋನು. ಕೇಳಿ ಏನು ಮಾಡ್ಲಿ? ಕೇಳಿಸ್ಕೊಂಡ ಮೇಲೆ ಸುಮ್ನೆ ಹೋಗೋಕಾಗುತ್ತಾ? ಆಗಲ್ಲ. ಓಡಬೇಕು, ಸಿಸ್ಟರ್‌ಗೆ ಹೇಳಬೇಕು. ಆಮೇಲೆ ಅದೇ ರೋಗಿ ನನ್ನನ್ನ ಚಾಡಿಕೋರ ಅನ್ನೋ ಹಾಗೆ ನೋಡ್ತಾನೆ."

ಆದರೆ ಇವರ ಪಿತ್ತ ನೆತ್ತಿಗೇರಿಸುವುದು ಚಹಾ ಅಲ್ಲ, ಮಾತ್ರೆಯೂ ಅಲ್ಲ. ಅದು ಮೂರನೆಯ ಮಂಚದಲ್ಲಿ ಮಲಗಿದೆ.

ಮೂರನೆಯ ಮಂಚದವರು ಕುರಿ ಸಾಕುವ ಮುದುಕರು. ವಾರ್ಡಿಗೆ ಬಂದ ಸಂಜೆಯಿಂದಲೇ ಎಲ್ಲರ ಬಾಯಲ್ಲೂ ಕುರಿಯಜ್ಜ. ತೊಡೆಸಂದಿಯಲ್ಲಿ ಕರುಳು ಇಳಿದು ಗಂಟಾಗಿದೆ. ಡಾಕ್ಟರು ಹರ್ನಿಯಾ ಎನ್ನುತ್ತಾರೆ, ಅಜ್ಜ ಅದನ್ನು "ನನ್ನ ಮರಿ" ಎನ್ನುತ್ತಾರೆ. ಕೆಮ್ಮಿದರೆ ಹೊರಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಭಾರ ಎತ್ತಲು ಆಗುವುದಿಲ್ಲ. ಕುರಿಗಳು ಮರಿ ಹಾಕುವ ಕಾಲ ಹತ್ತಿರ ಬಂದಿದೆ. ಅಡ್ಡ ಸಿಕ್ಕಿಕೊಂಡ ಮರಿಯನ್ನು ಎಳೆಯಬೇಕಾದರೆ ಮಂಡಿಯೂರಿ, ಕುರಿಯನ್ನು ಅದುಮಿ ಹಿಡಿದು, ಮೈಯ ಬಲವನ್ನೆಲ್ಲ ಸೊಂಟಕ್ಕೆ ತರಬೇಕು. ಅಷ್ಟರೊಳಗೆ ಇದನ್ನು ಹೊಲಿಸಿಕೊಂಡು ಮನೆಗೆ ಹೋಗಿಬಿಡಬೇಕು ಎಂಬುದೇ ಅಜ್ಜನ ಲೆಕ್ಕ. ಮಂದೆಯನ್ನು ಹೆಂಡತಿಯ ತಮ್ಮನಿಗೆ ಒಪ್ಪಿಸಿ ಬಂದಿದ್ದಾರೆ. ಅವನು ಈ ವಾರ ಮಾತ್ರ ಎಂದು ಮುಖ ಗಂಟಿಕ್ಕಿಕೊಂಡೇ ಒಪ್ಪಿದ್ದಾನೆ. ಜೊತೆಗೆ ಬಂದಿರುವ ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಹತ್ತು ಸಲ ಕೇಳಿ ರಜೆ ಪಡೆದವಳು.

"ನನ್ನ ಹತ್ರ ಕೆಲಸ ಇಲ್ಲ ತಮ್ಮಾ, ಮುಂದಕ್ಕೆ ಹೋಗು," ಎಂದು ಅಜ್ಜ ನಗುತ್ತಾರೆ. "ನಿನಗ್ಯಾಕೆ ತೊಂದರೆ ಅಂತ ಮನೇಲೇ ಮುಗಿಸ್ಕೊಂಡು ಬಂದೆ."

ಗೊಣಗಣ್ಣ ಪರದೆ ಎಳೆದು ಹೊದಿಕೆ ಸರಿಸುತ್ತಾರೆ. ಒಂದು ಕೂದಲಿಲ್ಲ. ಚರ್ಮ ಕೆಂಪಗೆ ಕಂದಿದೆ, ಉದ್ದಕ್ಕೂ ಗೀರುಗಳು. ಗೀರುಗಳ ಅಂಚಿನಲ್ಲಿ ಸಣ್ಣ ಸಣ್ಣ ಕೀವು ತುಂಬಿದ ಮೊಡವೆಗಳು. ಮೇಲೆ ಏನೋ ಹಳದಿ ಜಿಡ್ಡು.

"ಯಾವಾಗ ಮಾಡಿದ್ದು?"

"ಮೊನ್ನೆ. ಮೊದಲು ಉಣ್ಣೆ ಕತ್ತರಿಸೋ ಕತ್ತರೀಲಿ ಮೋಟು ಮಾಡಿ, ಆಮೇಲೆ ಬ್ಲೇಡು. ಎಷ್ಟು ಕುರಿ ಬೋಳಿಸಿದ ಕೈ ಇದು, ನನ್ನನ್ನ ನಾನು ಬೋಳಿಸ್ಕೊಳ್ಳೋಕೆ ಆಗಲ್ವಾ?"

"ಈ ಜಿಡ್ಡು?"

"ಉರೀತಾ ಇತ್ತು, ಅದಕ್ಕೆ ಕುರಿ ಕೆಚ್ಚಲಿಗೆ ಹಚ್ಚೋ ಮುಲಾಮು. ಒಳ್ಳೇ ಮುಲಾಮು ತಮ್ಮಾ, ನಿನಗೂ ಬೇಕಾದ್ರೆ ಕೊಡ್ತೀನಿ."

ಗೊಣಗಣ್ಣ ಮಷಿನ್ ತಟ್ಟೆಯಲ್ಲಿಟ್ಟು ಹಣೆ ಒತ್ತಿಕೊಳ್ಳುತ್ತಾರೆ.

ಇವರ ಮನೆತನವೇ ಕತ್ತಿ ಹಿಡಿದದ್ದು. ಅಪ್ಪ ಬಸ್ಸು ನಿಲ್ಲುವ ಜಾಗದ ಮೆಟ್ಟಿಲುಗಳ ಕೆಳಗೆ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು ಮನೆ ನಡೆಸಿದವರು. ಇವರೂ ಅಲ್ಲೇ ಕೈ ಪಳಗಿಸಿಕೊಂಡರು. ಮೆಟ್ಟಿಲು ಒಡೆದು ಹೊಸ ಕಟ್ಟಡ ಕಟ್ಟಿದಾಗ ಕನ್ನಡಿಗೆ ಜಾಗವಿಲ್ಲದೆ ಆಸ್ಪತ್ರೆಗೆ ಬಂದರು. ಆಗೆಲ್ಲ ಇಲ್ಲಿಯೂ ಕತ್ತಿಯೇ. ಕನ್ನಡಿಯ ಹಾಗೆ ನುಣ್ಣಗೆ ಮಾಡಿ ಕಳಿಸುವುದು ಇವರ ಹೆಮ್ಮೆಯಾಗಿತ್ತು. ಆಮೇಲೆ ಒಂದು ದಿನ ದೊಡ್ಡ ಸಿಸ್ಟರ್ ಬಂದು, ಇನ್ನು ಮೇಲೆ ಕತ್ತಿ ಬೇಡ, ಬ್ಲೇಡೂ ಬೇಡ, ಮಷಿನ್ ಮಾತ್ರ, ಅದೂ ಆಪರೇಷನ್ ದಿನವೇ, ಬೇಕಾದಷ್ಟು ಜಾಗಕ್ಕೆ ಮಾತ್ರ ಎಂದರು. ಒಬ್ಬರಿಗೆ ಬಳಸಿದ ಮಷಿನ್ನಿನ ಹಲ್ಲಿನ ಪಟ್ಟಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ಹಾಗಿಲ್ಲ ಎಂದೂ ಹೇಳಿದರು.

"ನನ್ನ ಕೈ ಮೇಲೆ ನಂಬಿಕೆ ಇಲ್ವಾ ಅಂತ ಜಗಳ ಆಡಿದೆ," ಎನ್ನುತ್ತಾರೆ. "ಆಯಮ್ಮ ಜಗಳಾನೇ ಆಡಲಿಲ್ಲ. ನಿನ್ನ ಮುಂಗೈನ ನೀನೇ ಬೋಳಿಸ್ಕೊ ಅಂದ್ರು. ಬೋಳಿಸ್ಕೊಂಡೆ. ಒಂದು ಹನಿ ರಕ್ತ ಇಲ್ಲ, ಬೆಣ್ಣೆ ಥರ. ಆಮೇಲೆ ಭೂತಗನ್ನಡಿ ಕೊಟ್ಟು ನೋಡು ಅಂದ್ರು."

ಕಣ್ಣಿಗೆ ಬೆಣ್ಣೆಯ ಹಾಗೆ ಕಂಡ ಚರ್ಮ ಭೂತಗನ್ನಡಿಯ ಕೆಳಗೆ ಕುಂಟೆ ಹೊಡೆದ ಹೊಲದಂತೆ ಕಂಡಿತು. ಉದ್ದಕ್ಕೂ ಗೀರು. ಕೀವು ತರುವ ಕ್ರಿಮಿಗಳು ಬೀಜದ ಹಾಗೆ ಬಂದು ಕೂರುವುದು ಆ ಗೀರುಗಳಲ್ಲೇ ಎಂದು ಸಿಸ್ಟರ್ ಹೇಳಿದರು. ಅಂದಿನಿಂದ ಅಪ್ಪನ ಕತ್ತಿ ಮನೆಯ ತಗಡಿನ ಡಬ್ಬಿಯಲ್ಲಿದೆ. ಈಗ ಅದು ಮೊಮ್ಮಗಳ ಪೆನ್ಸಿಲ್ ಹೆರೆಯುತ್ತದೆ.

ಈ ಕೆಲಸ ಮಾಡುವ ಕೈಯಲ್ಲಿ ತಲೆಗೂದಲು ತೆಗೆಸಿಕೊಳ್ಳಲು ಓಣಿಯವರು ಒಪ್ಪುವುದಿಲ್ಲ. ರಜೆಯ ದಿನ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ನೋಡಿದರು. ಕುರ್ಚಿಯಲ್ಲಿ ಓಣಿಯ ಬೆಕ್ಕು ಮಲಗಿತು. ಮಗಳ ಸಂಬಂಧ ನೋಡಲು ಬಂದವರು ಎಲ್ಲಿ ಕೆಲಸ ಎಂದಾಗ ಆಸ್ಪತ್ರೆ ಎಂದು ಕೇಳಿ ಮೆಚ್ಚಿಕೊಂಡರು, ಏನು ಕೆಲಸ ಎಂದು ಕೇಳಿದ ಮೇಲೆ ಲೋಟ ಕೆಳಗಿಟ್ಟರು. ಮನೆಯಲ್ಲೂ ಹೀಗೆಯೇ ಗೊಣಗುತ್ತಾರಾ ಎಂದರೆ ಹೆಂಡತಿ ನಗುತ್ತಾರೆ. "ಮನೇಲಿ ಬಾಯೇ ಬಿಡಲ್ಲ. ಎಲ್ಲಾ ಅಲ್ಲೇ ಖಾಲಿ ಮಾಡ್ಕೊಂಡು ಬರ್ತಾರೆ. ಏನಾದ್ರೂ ಮಾತಾಡಿ ಅಂತ ನಾನೇ ಗೊಣಗಬೇಕು."

ಮತ್ತೆ ಮೂರನೆಯ ಮಂಚ. ಗೊಣಗಣ್ಣನ ಮುಖ ನೋಡಿಯೇ ಅಜ್ಜನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆದಿದೆ. ನಗು ಮಾಯವಾಗಿದೆ.

"ಸಿಸ್ಟರ್‌ಗೆ ತೋರಿಸ್ಬೇಕು ಯಜಮಾನ್ರೇ. ಇವತ್ತು ಆಪರೇಷನ್ ಆಗೋದು ಅನುಮಾನ."

"ಯಾಕೆ? ಊಟ ಬಿಟ್ಟಿದೀನಿ. ನೀರೂ ಬಿಟ್ಟಿದೀನಿ. ಇಷ್ಟು ಸಣ್ಣ ಮೊಡವೆಗಾ?" ಅಜ್ಜ ಗೊಣಗಣ್ಣನ ಮಣಿಕಟ್ಟು ಹಿಡಿದು ದನಿ ತಗ್ಗಿಸುತ್ತಾರೆ. "ತಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ಪರದೆ ಸರಿಸಿ ಹೋಗಿಬಿಡು. ನೀನು ನೋಡಿಲ್ಲ, ನಾನು ತೋರಿಸಿಲ್ಲ. ಇವತ್ತು ಆಗಲಿಲ್ಲ ಅಂದ್ರೆ ಮರಿ ಹಾಕೋ ಹೊತ್ತಿಗೆ ನಾನು ಎದ್ದು ನಿಲ್ಲಲ್ಲ. ಆ ನನ್ನ ಬಾಮೈದ ನಾಳಿದ್ದಕ್ಕೆ ಹೊರಟು ಹೋಗ್ತಾನೆ."

ಪರದೆಯಾಚೆ ನಿಂತಿದ್ದ ಮಗಳು ಒಳಗೆ ನುಗ್ಗುತ್ತಾಳೆ. ಅವಳಿಗೆ ವಿಷಯ ತಿಳಿಯಲು ಎರಡು ಮಾತು ಸಾಕು.

"ರೀ, ನೀವು ಡಾಕ್ಟ್ರಾ? ಕೂದಲು ತೆಗೆಯೋರು ತಾನೇ? ತೆಗೆಯೋಕೆ ಇಲ್ಲಿ ಕೂದಲಿಲ್ಲ. ನಿಮ್ಮ ಕೆಲಸ ಮುಗೀತು, ನಡೀರಿ."

"ತಾಯೀ, ನನ್ನ ಕೆಲಸ ಇವರು ಮಾಡಿದ್ದಕ್ಕೇ ಈ ಗತಿ."

"ಕೆಲಸ ಕಮ್ಮಿ ಆಯ್ತು ಅಂತ ಹೊಟ್ಟೆ ಉರೀನಾ ನಿಮಗೆ? ನಾನು ರಜೆ ಕೇಳೋಕೆ ಆ ಸೂಪರ್‌ವೈಸರ್ ಕಾಲು ಹಿಡಿಯೋದೊಂದು ಬಾಕಿ ಇತ್ತು. ಇನ್ನೊಂದು ಸಲ ರಜೆ ನೀವು ಕೊಡಿಸ್ತೀರಾ?"

ಅಕ್ಕಪಕ್ಕದ ಮಂಚಗಳವರು ಕತ್ತು ಉದ್ದ ಮಾಡುತ್ತಾರೆ. ಕಿರಾಣಿ ಅಂಗಡಿಯವರು, ಚಹಾದ ದೆಸೆಯಿಂದ ಈಗಾಗಲೇ ಇಂದಿನ ಸರದಿ ಕಳೆದುಕೊಂಡವರು, "ಬಿಡಮ್ಮಾ, ಅವನ ಬಾಯಿಗೆ ಸಿಕ್ಕೋರು ಯಾರೂ ಉದ್ಧಾರ ಆಗಿಲ್ಲ" ಎಂದು ತಮ್ಮದೊಂದು ಪುರವಣಿ ಸೇರಿಸುತ್ತಾರೆ. ಗೊಣಗಣ್ಣ ಸ್ಟೂಲು ಎಳೆದುಕೊಂಡು ಅಜ್ಜನ ಪಕ್ಕ ಕೂರುತ್ತಾರೆ.

"ಯಜಮಾನ್ರೇ, ಉಣ್ಣೆ ತೆಗೆಯುವಾಗ ಕುರಿಗೆ ಗೀರು ಬೀಳುತ್ತಾ?"

"ಬೀಳ್ದೆ ಇರುತ್ತಾ? ಒದ್ದಾಡುತ್ತಲ್ಲ ಅದು."

"ಬಿದ್ರೆ ಏನು ಮಾಡ್ತೀರಿ?"

"ಬೇರೆ ಕಟ್ತೀವಿ. ನೊಣ ಕೂತ್ರೆ ಹುಳ ಬೀಳುತ್ತೆ. ಕೆಸರಿಗೆ ಬಿಡಲ್ಲ, ಹೊಳೆ ದಾಟಿಸಲ್ಲ. ಗೀರು ಒಣಗೋವರೆಗೂ ಅದನ್ನ ಯಾವ ಕೆಲಸಕ್ಕೂ…"

ಅಜ್ಜನ ಮಾತು ಅಲ್ಲಿಗೇ ನಿಲ್ಲುತ್ತದೆ. ಹಿಡಿದಿದ್ದ ಮಣಿಕಟ್ಟನ್ನು ನಿಧಾನವಾಗಿ ಬಿಡುತ್ತಾರೆ. ಮಗಳ ಕಡೆ ನೋಡುವುದಿಲ್ಲ, ಮೇಲೆ ತಿರುಗದೆ ನಿಂತಿರುವ ಫ್ಯಾನಿನ ಕಡೆ ನೋಡುತ್ತಾರೆ.

"ಕರಿ ನಿನ್ನ ಸಿಸ್ಟರ್‌ನ," ಎನ್ನುತ್ತಾರೆ.

ಸಿಸ್ಟರ್ ಬರುತ್ತಾರೆ, ಅವರ ಹಿಂದೆ ಡಾಕ್ಟರು ಬರುತ್ತಾರೆ. ಡಾಕ್ಟರು ಬಗ್ಗಿ ನೋಡಿ, ಎರಡು ಕಡೆ ಒತ್ತಿ, ನೆಟ್ಟಗಾಗುತ್ತಾರೆ. ನಿನ್ನೆ ಸಂಜೆ ತಾವು ನೋಡಿದಾಗ ಇಷ್ಟು ಕೆಂಪಾಗಿರಲಿಲ್ಲ ಎನ್ನುತ್ತಾರೆ. ಒಳಗೆ ಒಂದು ಬಲೆಯಂಥ ಬಟ್ಟೆ ಇಟ್ಟು ಹೊಲಿಯಬೇಕು, ಈ ಕೀವು ಅದಕ್ಕೆ ತಗುಲಿದರೆ ಬಲೆಯನ್ನೇ ಕಿತ್ತು ತೆಗೆಯುವ ಪರಿಸ್ಥಿತಿ ಬರಬಹುದು, ಇವತ್ತು ಬೇಡ ಎಂದು ಅಜ್ಜನಿಗೆ ಬಿಡಿಸಿ ಹೇಳುತ್ತಾರೆ. ಆಮೇಲೆ ಗೊಣಗಣ್ಣನ ಕಡೆ ತಿರುಗಿ, "ಇದನ್ನ ನಿನ್ನೇನೇ ನೋಡ್ಬೇಕಿತ್ತಲ್ರೀ ನೀವು?" ಎಂದು ಗದರಿ ಮುಂದಕ್ಕೆ ಹೋಗುತ್ತಾರೆ.

ಗೊಣಗಣ್ಣನ ಪಾಳಿ ಶುರುವಾಗುವುದೇ ಬೆಳಗ್ಗೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮುಂದಿನ ಮಂಚದಲ್ಲಿದ್ದಾರೆ.

"ನೋಡಿದ್ರಾ?" ಎಂದು ತಟ್ಟೆ ತೊಳೆಯುತ್ತಾ ಗೊಣಗಣ್ಣ ನಮ್ಮ ಕಡೆ ತಿರುಗಿ ಹೇಳುತ್ತಾರೆ. "ಹೇಳಿದ್ರೆ ಮಗಳು ಬೈತಾಳೆ, ಹೇಳೋದು ತಡ ಆಯ್ತು ಅಂತ ಡಾಕ್ಟ್ರು ಬೈತಾರೆ. ನಾನೊಬ್ಬ ಸಿಕ್ಕಿದೀನಲ್ಲ ಮಧ್ಯದಲ್ಲಿ."

ಮನೆಗೆ ಹೊರಟ ಅಜ್ಜನಿಗೆ ಸಿಸ್ಟರ್ ಹೇಳುವ ಮಾತುಗಳಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಸೋಪು ಹಚ್ಚಿ ತೊಳೆದು ಒಣಗಿದ ಬಟ್ಟೆ ಉಡಿ. ನಾವು ಬರೆದುಕೊಟ್ಟದ್ದು ಬಿಟ್ಟು ಬೇರೆ ಯಾವ ಮುಲಾಮೂ ಬೇಡ, ಕುರೀದೂ ಬೇಡ, ಹಸುವಿಂದೂ ಬೇಡ. ದಿನಾ ನುಂಗುವ ಮಾತ್ರೆ ಏನಿದ್ದರೂ ಬರುವಾಗ ಕಟ್ಟಿಕೊಂಡು ಬನ್ನಿ. ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು ಬಂದು, ವಾಂತಿ ಶುರುವಾದರೆ ತಾರೀಖು ನೋಡಬೇಡಿ, ಯಾವ ಹೊತ್ತಾದರೂ ಸರಿ, ತಕ್ಷಣ ಬನ್ನಿ. ಅಜ್ಜ ಕೈ ಕಟ್ಟಿ ಕೇಳಿಸಿಕೊಳ್ಳುತ್ತಾರೆ. ಮಗಳು ಗೋಡೆ ನೋಡುತ್ತಾ ಕೇಳಿಸಿಕೊಳ್ಳುತ್ತಾಳೆ. ಹೊರಡುವಾಗ ಗೊಣಗಣ್ಣನ ಎದುರೇ ಹಾದು ಹೋಗಿ, ಚೀಲವನ್ನು ಬೇಕೆಂದೇ ಅವರ ಮೊಣಕಾಲಿಗೆ ತಗುಲಿಸುತ್ತಾಳೆ.

ತಪ್ಪು ಯಾರದು ಎಂದು ಹುಡುಕಿಕೊಂಡು ಹೊರಟರೆ ಹಿಡಿಯಲು ಯಾರೂ ಸಿಗುವುದಿಲ್ಲ. ಕೆಳಗಿನ ಮಹಡಿಯಲ್ಲಿ ಆಪರೇಷನ್ ತಾರೀಖು ಕೊಡುವಾಗ ಉಪವಾಸದ ಬಗ್ಗೆ ಹೇಳುತ್ತಾರೆ. ಸ್ನಾನದ ಬಗ್ಗೆ ಹೇಳುತ್ತಾರೆ. ಜೊತೆಗೊಬ್ಬರು ಇರಬೇಕು ಎನ್ನುತ್ತಾರೆ. ಕೂದಲಿನ ಮಾತು ಯಾರ ಬಾಯಿಗೂ ಬರುವುದಿಲ್ಲ. ಅದು ಮೇಲಿನವರು ಹೇಳುತ್ತಾರೆಂದು ಕೆಳಗಿನವರು, ಕೆಳಗೇ ಹೇಳಿರುತ್ತಾರೆಂದು ಮೇಲಿನವರು. ರೋಗಿಗೂ ಕೇಳಲು ನಾಚಿಕೆ. ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸುವ ಜನ ನಾವು. ಅಪರಿಚಿತರು ಹೊದಿಕೆ ಸರಿಸಿ ನೋಡುತ್ತಾರೆಂದರೆ ಅದಕ್ಕೂ ಮುಂಚೆ ಗುಡಿಸಿಬಿಡುತ್ತೇವೆ.

"ಮರ್ಯಾದೆಗೆ ಮಾಡ್ತಾರೆ ಸ್ವಾಮಿ, ಅದೇ ಕಷ್ಟ," ಎಂದು ಗೊಣಗಣ್ಣ ಒಪ್ಪುತ್ತಾರೆ. "ಕೆಟ್ಟ ಬುದ್ಧಿಗೆ ಮಾಡಿದ್ರೆ ಬೈದು ಬಿಡಬಹುದು. ನಿಮಗೆ ತೊಂದರೆ ಆಗಬಾರದು ಅಂತ ಮಾಡ್ಕೊಂಡು ಬಂದೆ ಅಂತಾರೆ. ಬೈಯೋಕೂ ಆಗಲ್ಲ. ಬೈತೀನಿ, ಅದು ಬೇರೆ."

ಒಂದು ಬೋರ್ಡು ಹಾಕಿಸಿ ಎಂದು ಎಷ್ಟೋ ಕಾಲ ದುಂಬಾಲು ಬಿದ್ದಿದ್ದರು. ಕೊನೆಗೂ ಬೋರ್ಡು ಬಂತು. ಆಪರೇಷನ್ ಜಾಗವನ್ನು ಮನೆಯಲ್ಲಿ ಬೋಳಿಸಿಕೊಂಡು ಬರಬೇಡಿ ಎಂದು ದೊಡ್ಡ ಅಕ್ಷರಗಳಲ್ಲೇ ಬರೆದಿದ್ದರು. ಅದನ್ನು ಮೊಳೆ ಹೊಡೆದು ನಿಲ್ಲಿಸಿದ್ದು ವಾರ್ಡಿನ ಬಾಗಿಲಿನ ಹಿಂದೆ. ಬಾಗಿಲು ಹಗಲೆಲ್ಲ ಗೋಡೆಗೆ ಒರಗಿ ತೆರೆದೇ ಇರುತ್ತದೆ. ಅದನ್ನು ಮುಚ್ಚುವುದು ಫಿನಾಯಿಲ್ ಹಾಕಿ ನೆಲ ಒರೆಸುವಾಗ ಮಾತ್ರ. ಆಗ ಬೋರ್ಡನ್ನು ಓದುವುದು ನೆಲ ಒರೆಸುವ ಹೆಂಗಸು ಒಬ್ಬಳೇ. "ಅವಳಂತೂ ಮನೇಲಿ ಬೋಳಿಸ್ಕೊಂಡು ಬರಲ್ಲ, ಅಷ್ಟು ಗ್ಯಾರಂಟಿ," ಎನ್ನುತ್ತಾರೆ ಗೊಣಗಣ್ಣ. ಅಲ್ಲದೆ ವಾರ್ಡಿಗೆ ಬಂದ ಮೇಲೆ ಓದಿ ಏನು ಫಲ? ಹೇಳಬೇಕಾದ ಜಾಗ ಕೆಳಗೆ, ಸಾಲಿನಲ್ಲಿ ಕೂತಿರುವಾಗ. ಕೆಳಗೆ ಹೋಗಿ ಹೇಳೋಣವೆಂದು ಒಮ್ಮೆ ಹೋದರು. ಔಷಧಿ ಮಾರಲು ಬಂದವನೆಂದು ತಿಳಿದು ಕಾವಲಿನವನು ಹೊರಗೆ ಕಳಿಸಿದ.

ಹಾಗಾದರೆ ನಿಮಗೆ ಬೇಕಾದದ್ದೇನು ಎಂದರೆ ಅವರು ಸಂಬಳದ ಮಾತೆತ್ತುವುದಿಲ್ಲ. ಮಷಿನ್ನಿನ ಹಲ್ಲಿನ ನಡುವೆ ಸಿಕ್ಕ ಒಂದು ಕೂದಲನ್ನು ಬ್ರಷ್ಷಿನಿಂದ ಬಿಡಿಸುತ್ತಾ, "ನನ್ನ ಕೆಲಸ ನನಗೆ ಬಿಟ್ಟು ಬರ್ಲಿ, ಅಷ್ಟೇ," ಎನ್ನುತ್ತಾರೆ. "ಪ್ರಪಂಚದಲ್ಲಿ ಎಲ್ಲರೂ ಇನ್ನೊಬ್ಬರ ತಲೆ ಮೇಲೆ ಕೆಲಸ ಹಾಕೋಕೆ ನೋಡ್ತಾರೆ. ನನ್ನ ಕೆಲಸ ಮಾತ್ರ ಎಲ್ಲರೂ ತಾವೇ ಮಾಡ್ಕೊಂಡು ಬರ್ತಾರೆ."

ಒಂದು ವಾರ ಕಳೆದು ಅಜ್ಜ ಮತ್ತೆ ಬರುತ್ತಾರೆ. ಮೊಡವೆ ಒಣಗಿದೆ, ಕೆಂಪು ಇಳಿದಿದೆ, ಡಾಕ್ಟರು ಹಿಂದಿನ ಸಂಜೆಯೇ ನೋಡಿ ಆಗಬಹುದು ಎಂದಿದ್ದಾರೆ. ಬೆಳಗ್ಗೆ ಗೊಣಗಣ್ಣ ನಲ್ಲಿಯ ಕಡೆಯಿಂದ ಬರುವುದನ್ನು ಕಂಡು ಅಜ್ಜ ತಾವೇ ಪರದೆ ಎಳೆದು, ತಾವೇ ಹೊದಿಕೆ ಸರಿಸಿ, ಸಂತೆಯಲ್ಲಿ ಮಾಲು ತೋರಿಸುವವರ ಹಾಗೆ ಕೈ ಚಾಚುತ್ತಾರೆ.

"ಮುಟ್ಟಿಲ್ಲ ನೋಡು. ಒಂದು ಕೂದಲು ಮುಟ್ಟಿಲ್ಲ."

ಗೊಣಗಣ್ಣ ಬಗ್ಗಿ ನೋಡುತ್ತಾರೆ. ಮೋಟು ಕೂದಲು ಗದ್ದೆಯ ಪೈರಿನ ಹಾಗೆ ಸಮನಾಗಿ ಎದ್ದಿದೆ. ಅವರ ಮುಖ ಸಡಿಲವಾಗುತ್ತದೆ, ಆದರೆ ಹೊಗಳಿಕೆ ಬಾಯಿಗೆ ಬರುವುದಿಲ್ಲ. "ಇಷ್ಟು ಮಾಡೋಕೆ ಒಂದು ವಾರ ಬೇಕಾಯ್ತಲ್ಲ," ಎಂದು ಮಷಿನ್ ಹಚ್ಚುತ್ತಾರೆ.

"ಬಾಮೈದ ಇದ್ದಾನಾ, ಹೊರಟು ಹೋದ್ನಾ?"

"ಕೂಗಾಡಿದ. ಆದ್ರೂ ಕುರಿ ಬಿಟ್ಟು ಹೋಗಲಿಲ್ಲ." ಮಷಿನ್ ಹೊಟ್ಟೆಯ ಕೆಳಗೆ ನಿಧಾನವಾಗಿ ಹಾದು ಹೋಗುತ್ತದೆ. "ಒಂದು ಮರಿ ಹೋಯ್ತು ತಮ್ಮಾ. ದಿನಕ್ಕೆ ಮುಂಚೆ ಬಂತು, ಅಡ್ಡ ಸಿಕ್ಕಿಕೊಳ್ತು. ನಾನು ಪಕ್ಕದಲ್ಲೇ ಇದ್ದೆ. ಬಗ್ಗೋಕೆ ಆಗಲಿಲ್ಲ. ಅವನಿಗೆ ಹೇಳಿಕೊಟ್ಟೆ, ಅವನ ಕೈಗೆ ಗೊತ್ತಾಗಲಿಲ್ಲ."

ಗೊಣಗಣ್ಣನ ಕೈ ನಿಲ್ಲುತ್ತದೆ.

"ಅವತ್ತೇ ಮಾಡಿಸಿದ್ರೂ ಬಗ್ಗೋ ಹಾಗಿರ್ತಿರಲಿಲ್ಲ," ಎಂದು ಕೊನೆಗೆ ಹೇಳುತ್ತಾರೆ. ಹೇಳಿದ್ದು ತಮಗೇ ಸಾಲದೆ, "ನನ್ನಿಂದ ಆಯ್ತಾ ಯಜಮಾನ್ರೇ?" ಎಂದು ಕೇಳುತ್ತಾರೆ.

"ನಿನ್ನಿಂದಲ್ಲ. ಬ್ಲೇಡಿಂದ." ಅಜ್ಜ ಕತ್ತೆತ್ತಿ ತಮ್ಮ ತೊಡೆಸಂದಿಯನ್ನು ಪರೀಕ್ಷಿಸುತ್ತಾರೆ. "ಅದಿರಲಿ, ಏನಿದು? ಇಷ್ಟು ಮೋಟು ಬಿಟ್ಟಿದೀಯಲ್ಲ! ನಾನು ಕುರಿಗೆ ಹೀಗೆ ಮಾಡಿದ್ರೆ ಇನ್ನೊಂದು ಸಲ ಯಾರೂ ಕರಿಯಲ್ಲ ನನ್ನ."

"ಇಷ್ಟೇ ಬೇಕು. ನುಣ್ಣಗೆ ಮಾಡಬಾರದು."

"ಕೆಲಸ ಬರಲ್ಲ ಅಂತ ಒಪ್ಕೊ."

"ಸುಮ್ನೆ ಮಲಗ್ರೀ! ನೀವು ಕುರಿಗಿಂತ ಜಾಸ್ತಿ ಒದ್ದಾಡ್ತೀರಿ."

ಥಿಯೇಟರಿಗೆ ಕರೆದೊಯ್ಯುವ ಮುನ್ನ ಒಬ್ಬರಾದ ಮೇಲೊಬ್ಬರು ಬಂದು ಹೆಸರೇನು, ಯಾವ ಕಡೆ ಆಪರೇಷನ್, ಏನಾದರೂ ತಿಂದಿದ್ದೀರಾ ಎಂದು ಕೇಳುತ್ತಾರೆ. ಉಳಿದ ರೋಗಿಗಳು ಎಷ್ಟು ಸಲ ಹೇಳಬೇಕು ಎಂದು ಸಿಡುಕುವ ಜಾಗ ಇದು. ಕೇಳುವುದು ಮರೆವಿನಿಂದಲ್ಲ, ತಪ್ಪಬಾರದೆಂದು ಎಂದು ಸಿಸ್ಟರ್ ಹೇಳಿ ಹೇಳಿ ಸೋತಿದ್ದಾರೆ. ಅಜ್ಜ ಮಾತ್ರ ಪ್ರತಿಯೊಬ್ಬರಿಗೂ ಹೆಸರು ಹೇಳುತ್ತಾರೆ, ಬಲಗಡೆ ಎನ್ನುತ್ತಾರೆ, ಏನೂ ತಿಂದಿಲ್ಲ ಎನ್ನುತ್ತಾರೆ. ಕೇಳದಿದ್ದರೂ ಬ್ಲೇಡು ಮುಟ್ಟಿಲ್ಲ ಎಂದು ಸೇರಿಸುತ್ತಾರೆ. ಆಮೇಲೆ, ಇಂಜೆಕ್ಷನ್ ಹಿಡಿದು ಬಂದ ಹೊಸ ಸಿಸ್ಟರನ್ನು ತಡೆದು, "ಕೈ ತೊಳ್ಕೊಂಡ್ಯಾ ಮಗಳೇ?" ಎನ್ನುತ್ತಾರೆ.

ಹೊಸ ಸಿಸ್ಟರ್ ಸರಕ್ಕನೆ ತಿರುಗಿ ಗೊಣಗಣ್ಣನನ್ನು ನೋಡುತ್ತಾಳೆ. ಗೊಣಗಣ್ಣ ಫ್ಯಾನನ್ನು ನೋಡುತ್ತಾರೆ. ಸಿಸ್ಟರ್ ನಗುತ್ತಾ ಹೋಗಿ ಅಜ್ಜನ ಕಣ್ಣೆದುರಿಗೇ ಇನ್ನೊಮ್ಮೆ ಕೈ ತೊಳೆದು ಬರುತ್ತಾಳೆ.

ಆಪರೇಷನ್ ಸಲೀಸಾಗಿ ಮುಗಿಯುತ್ತದೆ. ಮಗಳಿಗೆ ಎರಡನೆಯ ರಜೆಯೂ ಸಿಕ್ಕಿದೆ. ಹೇಗೆ ಸಿಕ್ಕಿತು ಎಂದು ಅವಳು ಯಾರಿಗೂ ಹೇಳುವುದಿಲ್ಲ. ಗೊಣಗಣ್ಣನೊಂದಿಗೆ ಅವಳ ಮಾತಿಲ್ಲ. ಎದುರಾದರೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾಳೆ, ಅಷ್ಟೇ. ಭಾರ ಎತ್ತಬಾರದು, ಮರಿ ಎಳೆ ಎಂದು ಕುರಿಯೇ ಬಂದು ಬೇಡಿಕೊಂಡರೂ ಡಾಕ್ಟರು ಹೇಳುವವರೆಗೆ ಮಂಡಿಯೂರಬಾರದು ಎಂದು ಸಿಸ್ಟರ್ ಹೇಳಿದ್ದಕ್ಕೆ, "ಈ ಸಲ ನಾನೇ ಎಳೀತೀನಿ. ಅಪ್ಪ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಲಿ. ಸೂಜಿ ಹಿಡಿಯೋ ಕೈಗೆ ಮರಿ ಹಿಡಿಯೋದು ಬರಲ್ವಾ?" ಎಂದು ಉತ್ತರ ಕೊಡುತ್ತಾಳೆ.

ಅವರು ಹೊರಡುವ ದಿನ ಗೊಣಗಣ್ಣ ಕೆಟ್ಟ ಮಷಿನ್ನನ್ನು ಬದಲಾಯಿಸಲು ಕೆಳಗಿನ ಮಹಡಿಗೆ ಇಳಿದಿದ್ದಾರೆ. ತಾರೀಖು ಕೊಡುವ ಕೋಣೆಯ ಮುಂದೆ ಬೆಂಚುಗಳ ಸಾಲು ತುಂಬಿದೆ. ಅಪ್ಪನನ್ನು ಕೂರಿಸಿ ಔಷಧಿ ತರಲು ನಿಂತ ಮಗಳು ಪಕ್ಕದ ಬೆಂಚಿನ ಹೆಂಗಸಿನೊಂದಿಗೆ ಮಾತಿಗೆ ತೊಡಗಿದ್ದಾಳೆ. ಆ ಹೆಂಗಸಿನ ಗಂಡನಿಗೂ ಹರ್ನಿಯಾ, ಈಗಷ್ಟೇ ತಾರೀಖು ಸಿಕ್ಕಿದೆ. ಗೊಣಗಣ್ಣ ಕಂಬದ ಹಿಂದೆ ನಿಲ್ಲುತ್ತಾರೆ.

"ಒಂದು ಮಾತು ಹೇಳ್ತೀನಿ ಅಕ್ಕ, ಮರೀಬೇಡಿ. ನಿಮ್ಮೋರು ಮನೇಲಿ ಬ್ಲೇಡು ಮುಟ್ಟೋದು ಬೇಡ. ಕಾಡು ಬೆಳೆದಿದ್ರೂ ಬೆಳೆದಿರಲಿ, ಹಾಗೇ ಬರಲಿ. ನಾಚಿಕೆ ಗೀಚಿಕೆ ಬಸ್ಸಿಳಿಯುವಾಗಲೇ ಬಿಟ್ಟು ಬರಲಿ. ಮೇಲೆ ಒಬ್ಬ ಅಣ್ಣ ಇದಾರೆ, ಅದು ಅವರ ಕೆಲಸ. ಮುಟ್ಕೊಂಡು ಹೋದ್ರೆ ವಾಪಸ್ ಕಳಿಸ್ತಾರೆ, ನಮ್ಮಪ್ಪನ್ನ ಕಳಿಸಿದ್ರು. ಒಂದು ಮರಿ ಹೋಯ್ತು ನಮ್ದು." ಅವಳು ಚೀಲ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ. "ಮನುಷ್ಯ ಒಳ್ಳೆಯವರೇ. ಬಾಯಿ ಮಾತ್ರ ತಡಕೊಳ್ಳೋಕಾಗಲ್ಲ. ಗೊಣಗ್ತಾನೇ ಇರ್ತಾರೆ."

ಆ ಹೆಂಗಸು ಗಂಡನ ಕಡೆ ತಿರುಗಿ, "ಕೇಳಿಸ್ತಾ? ಮುಟ್ಬೇಡಿ," ಎಂದು ಅಲ್ಲೇ ಗದರುತ್ತಾಳೆ. ಗಂಡ ಕೈಗಳನ್ನು ಮಡಿಲಿನಿಂದ ತೆಗೆದು ಮೊಣಕಾಲ ಮೇಲಿಟ್ಟುಕೊಳ್ಳುತ್ತಾನೆ.

ಕಂಬದ ಹಿಂದೆ ಗೊಣಗಣ್ಣ ಮಷಿನ್ನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತಿಕೊಳ್ಳುತ್ತಾರೆ.

"ಗೊಣಗ್ತೀನಂತೆ," ಎಂದು ಕಂಬಕ್ಕೆ ಹೇಳುತ್ತಾರೆ. "ನಾನೆಲ್ಲಿ ಗೊಣಗ್ತೀನಿ?"

ಅವರು ಮೆಟ್ಟಿಲು ಹತ್ತುತ್ತಾರೆ. ಅರ್ಧ ಹತ್ತಿ ನಿಂತು, ತಿರುಗಿ ಆ ಬೆಂಚಿನ ಸಾಲನ್ನೊಮ್ಮೆ ನೋಡುತ್ತಾರೆ.

"ಬೋರ್ಡಿಗಿಂತ ವಾಸಿ," ಎನ್ನುತ್ತಾರೆ.